ಮೋಟಾರು ಶೆಡ್ಡಿನ ಮೂರು ಕುಣಿ

ವಾಸುದೇವರಾಯರ ಮೋಟಾರು ಶೆಡ್ಡಿನೊಳಗೆ ಮೊದಲ ಸಲ ಕಾಲಿಟ್ಟಾಗ ನಾನು ತಲೆ ಎತ್ತಿ ಮೇಲೆ ನೋಡಿದೆ. ಟಾಪಿನ ಮೇಲೆ ಸಾಮಾನು ಹೇರಿಕೊಂಡ ಬಸ್ಸು ಹಾಗೆಯೇ ಒಳಗೆ ಬಂದು ನಿಲ್ಲುವಷ್ಟು ಎತ್ತರ. ತಗಡಿನಲ್ಲಿ ತೂತುಗಳಿದ್ದವು, ತೊಲೆಗಳಿಗೆ ಗೆದ್ದಲು ಹತ್ತಿತ್ತು, ಪಾರಿವಾಳಗಳು ಹಿಕ್ಕೆ ಹಾಕಿ ನೆಲವೆಲ್ಲ ಬೆಳ್ಳಗೆ ಮಾಡಿದ್ದವು. ಇದ್ಯಾವುದೂ ಆಗ ನನ್ನ ಕಣ್ಣಿಗೆ ಬೀಳಲಿಲ್ಲ. ಇಲ್ಲಿ ಬಾಗದೆ ನಡೆಯಬಹುದು ಎಂಬುದೊಂದೇ ಕಂಡಿತು.

ಬಾಗುವ ಸಂಗತಿ ಹೇಳದೆ ಮುಂದೆ ಹೋದರೆ ನಿಮಗೆ ಏನೂ ತಿಳಿಯುವುದಿಲ್ಲ. ಗಜೇಂದ್ರಗಡದ ನೇಕಾರರ ಓಣಿಯಲ್ಲಿ ನನ್ನ ಗಂಡನ ಮನೆ. ಎರಡು ಅಂಕಣ, ನಾಲ್ಕು ಮಗ್ಗ, ಒಂಬತ್ತು ಜನ. ಮೂರು ಮಗ್ಗ ನಮ್ಮ ಭಾವ ಮುದಿಯಪ್ಪನವರವು, ಒಂದು ನನ್ನ ಗಂಡನದು. ಗಂಡನ ಹೆಸರು ಹೇಳಬಾರದು ಎನ್ನುತ್ತಾರೆ. ಒಂದು ಸಲ ಹೇಳಿಬಿಡುತ್ತೇನೆ, ಅಂದಪ್ಪ. ಇನ್ನು ಮುಂದೆ ನಮ್ಮವರು. ಮನೆಯಲ್ಲಿ ಜಾಗ ಸಾಲದ್ದಕ್ಕೆ ಮಗ್ಗದ ಹಾಸುಗಳನ್ನು, ಉದ್ದಕ್ಕೆ ಹರಡಿದ ಆ ನೂಲಿನ ಎಳೆಗಳನ್ನು, ಎದೆಮಟ್ಟಕ್ಕೆ ಏರಿಸಿ ಎದುರು ಗೋಡೆಗೆ ಬಿಗಿದಿದ್ದರು. ಗಂಡಸರು ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ನೇಯುತ್ತಿದ್ದರು, ಅವರಿಗೇನು? ಅಡುಗೆಮನೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಪಡಸಾಲೆಗೆ ತಿರುಗುವ ನಾವು ಹೆಂಗಸರು ನಾಲ್ಕೂ ಹಾಸುಗಳ ಕೆಳಗೆ ಬಗ್ಗಿ ಹಾಯಬೇಕಿತ್ತು. ತಲೆಯ ಮೇಲೆ ತುಂಬಿದ ಕೊಡ ಇದ್ದರೆ ಅದನ್ನು ಇಳಿಸಿ, ಕೈಯಲ್ಲಿ ಹಿಡಿದು ಬಗ್ಗಬೇಕು. ಬೆನ್ನು ತಗುಲಿ ಒಂದು ಎಳೆ ಹರಿದರೆ ನೆಗೆಣ್ಣಿ ತಿಪ್ಪವ್ವನ ಬಾಯಿ ಮೂರು ಮನೆಗೆ ಕೇಳುತ್ತಿತ್ತು. ಮಗಳು ಸಣ್ಣವ್ವ ಹೊಟ್ಟೆಯಲ್ಲಿದ್ದು ಎಂಟು ತಿಂಗಳಾದಾಗಲೂ ಹಾಗೆಯೇ ಹಾಯ್ದೆ. ಒಟ್ಟು ಹನ್ನೊಂದು ವರ್ಷ.

ಆದ್ದರಿಂದ, ರಾಯರ ಮನೆ ಮಾರಾಟಕ್ಕಿದೆ ಎಂದು ಕೇಳಿದಾಗ ನಮ್ಮವರನ್ನು ಎಳೆದುಕೊಂಡು ಹೋದವಳು ನಾನೇ. ನಾವು ಮುಂಬಯಿ ಪ್ರಾಂತ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ಅದು. ರಾಯರ ಮೂರು ಮೋಟಾರುಗಳು ಗಜೇಂದ್ರಗಡದಿಂದ ರೋಣದ ಮೇಲೆ ಹಾಯ್ದು ಹೊಳೆಆಲೂರು ಸ್ಟೇಶನ್ನಿಗೆ ಇಪ್ಪತ್ತು ವರ್ಷ ಓಡಿದ್ದವು. ಸರಕಾರದ ಬಸ್ಸು ಬಂದ ಮೇಲೆ ಮೋಟಾರುಗಳೂ ಹೋದವು, ಶೆಡ್ಡಿನ ಬಾಗಿಲುಗಳನ್ನೂ ಮಾರಿದರು. ಉಳಿದದ್ದು ಮೂರು ದೊಡ್ಡ ಶೆಡ್ಡು ಮತ್ತು ಪಕ್ಕದ ಹಳೇ ಮನೆ. ಮನೆಯೇನು ಚಂದದ್ದಲ್ಲ. ಮೊಳ ದಪ್ಪದ ಮಣ್ಣಿನ ಗೋಡೆ, ಕಿಟಕಿಯಿಲ್ಲದ ಅಡುಗೆಮನೆ, ಮುಂದಿನ ಖೋಲಿಯಲ್ಲಿ ಟಿಕೀಟು ಕೊಡುತ್ತಿದ್ದ ಸರಳಿನ ಕಿಂಡಿ. ರಾಯರು ಧಾರವಾಡದಲ್ಲಿದ್ದ ಮಗನ ಹತ್ತಿರ ಹೋಗುವವರಿದ್ದರು. ಸರಕಾರದ ಬಸ್ಸಿನ ಹಾರ್ನ್ ಕೇಳಿದರೆ ಅವರಿಗೆ ಊಟ ಸೇರುತ್ತಿರಲಿಲ್ಲವಂತೆ.

ನಾನು ಮೇಲೆ ನೋಡುತ್ತಿದ್ದಾಗ ನಮ್ಮವರು ಕೆಳಗೆ ನೋಡುತ್ತಿದ್ದರು. ಪ್ರತಿ ಶೆಡ್ಡಿನ ನಡುವೆ ಒಂದೊಂದು ಉದ್ದನೆಯ ಕುಣಿ, ಎದೆಯಾಳ, ಅಂಚಿಗೆಲ್ಲ ಕಲ್ಲು ಕಟ್ಟಿದ್ದು.

"ಇವು ಯಾಕ್ರಿ ರಾಯರ?" ಎಂದು ಕೇಳಿದರು.

"ಗಾಡಿ ಮ್ಯಾಲೆ ನಿಲ್ಲತಿತ್ತು, ಮೇಸ್ತ್ರಿ ಕೆಳಗ ಇಳದು ರಿಪೇರಿ ಮಾಡತಿದ್ದ," ಎಂದರು ರಾಯರು. "ಇಲ್ಲೆ ನೆಲದಾಗೆಲ್ಲಾ ಬರೇ ಬಂಡಿಗಲ್ಲು. ಮದ್ದು ಹಾಕಿ ಒಡಸಬೇಕಾತು. ಒಂದೊಂದು ಕುಣಿಗೆ ಒಂದೊಂದು ತಿಂಗಳು ಹಿಡೀತು ನೋಡ್ರಿ."

ನಮ್ಮವರು ಧೋತರ ಎತ್ತಿ ಕಟ್ಟಿ ಕುಣಿಯ ಅಂಚಿಗೆ ಕೂತು ಕಾಲು ಇಳಿಬಿಟ್ಟರು. ಇಲ್ಲದ ಕಾಲುಹಲಗೆಗಳನ್ನು ಎಡ ಬಲ ತುಳಿದರು. ಇಲ್ಲದ ಲಾಳಿಯನ್ನು ಆ ಕಡೆಯಿಂದ ಈ ಕಡೆಗೆ ಒಗೆದರು. ನಲವತ್ತರ ಗಂಡಸು, ಕೂಸಿನ ಹಾಗೆ ನಕ್ಕರು.

"ಅರ್ಧ ಮಣ್ಣು ತುಂಬಿದ್ರ ನಮ್ಮ ಅಳತಿಗೇ ಬರತಾವು! ನಮ್ಮ ಸಲುವಾಗೇ ತೋಡಿ ಇಟ್ಟಂಗ ಅದಾವಲ್ಲ!"

ಬಸ್ಸಿನ ಉದ್ದದ ಶೆಡ್ಡು ಬೇರೆ. ನಾವು ಹಾಸನ್ನು ಓಣಿಯುದ್ದಕ್ಕೂ ಬಿಚ್ಚಿ ಗಂಜಿ ಹಚ್ಚುವವರು. ಮಳೆ ಬಂದರೆ ಕೆಲಸ ನಿಂತೇಹೋಗುತ್ತಿತ್ತು. ಇಲ್ಲಿ ಆಶ್ಲೇಷಾ ಮಳೆಯಲ್ಲೂ ಗಂಜಿ ಹಚ್ಚಬಹುದು. ಅವರ ಮುಖ ನೋಡಿ ನನಗೂ ಹುರುಪು ಬಂತು. ರಾಯರು ಮಾತ್ರ, "ನೋಡಿ ತಗೋರಿ ಅಂದಪ್ಪ, ಗವಂಡಿಗೊಮ್ಮೆ ತೋರಸ್ರಿ. ಆಮ್ಯಾಲೆ ನನಗ ಅನಬ್ಯಾಡ್ರಿ," ಎಂದರು. ನಾವು ಕೇಳಬೇಕಲ್ಲ? ಎರಡನೇ ದಿನವೇ ನನ್ನ ಕೊರಳಿನ ಚಿನ್ನದ ಬೋರಮಾಳ ಸರಾಫನ ಅಂಗಡಿ ಸೇರಿತು, ಆ ಹಣ ಮುಂಗಡದ ಇಸಾರವಾಗಿ ರಾಯರ ಕೈ ಸೇರಿತು. ಒಂದು ತಿಂಗಳೊಳಗೆ ರೋಣಕ್ಕೆ ಹೋಗಿ ಖರೀದಿಪತ್ರ ಮಾಡಿಸಬೇಕು, ತಪ್ಪಿದರೆ ಇಸಾರ ಹೋಯಿತು ಎಂದು ಮಾತಾಯಿತು.

ಇಷ್ಟಕ್ಕೇ ನಿಂತಿದ್ದರೆ ಹೋಗುವುದು ಒಂದು ಬೋರಮಾಳ ಮಾತ್ರ. ನಮ್ಮವರು ಅವತ್ತು ಸಂಜೆ ಇನ್ನೊಂದು ಮಾಡಿಬಿಟ್ಟರು.

ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ಪಾಲಾಗಿ ಹೊರಗೆ ಹೋಗುವವನು ತನ್ನ ಮಗ್ಗದ ಕುಣಿಗೆ ಹಾಲು ಬಿಟ್ಟು, ತನ್ನ ಕೈಯಾರೆ ಮಣ್ಣು ತುಂಬಿ ಹೋಗಬೇಕು. ಒಮ್ಮೆ ಮುಚ್ಚಿದ ಕುಣಿಯನ್ನು ಮತ್ತೆ ತೆರೆಯುವಂತಿಲ್ಲ. ತೆರೆದರೆ ಆ ಮನೆಯ ಮಗ್ಗಗಳೆಲ್ಲ ನಿಲ್ಲುತ್ತವೆ ಎಂದು ನಂಬಿಕೆ. ಖರೀದಿಪತ್ರವಾದ ಮೇಲೆ ಮಾಡಬೇಕಾದ ಕೆಲಸ ಅದು. ನಮ್ಮವರು ಇಸಾರ ಕೊಟ್ಟ ದಿನವೇ ಬುಟ್ಟಿ ಹಿಡಿದು ಮಣ್ಣು ಹೊತ್ತರು.

"ಲಗೂ ಮಾಡಬ್ಯಾಡೋ," ಎಂದರು ಮುದಿಯಪ್ಪ ಭಾವನವರು. ಕೆಟ್ಟವರಲ್ಲ ಅವರು, ಆದರೆ ಅವರು ಹೇಳಿದ್ದು ಯಾವತ್ತೂ ಸರಿಯಾಗುತ್ತದೆ, ಅದೇ ತಮ್ಮನಿಗೆ ತಡೆಯದು. "ಆ ಕುಣ್ಯಾಗ ನೂಲು ಇಟ್ಟು ನೋಡಿದೇನು?"

ಅದೂ ಒಂದು ಪದ್ಧತಿಯೇ. ಹೊಸ ಕುಣಿಯಲ್ಲಿ ಮಗ್ಗ ಹೂಡುವ ಮೊದಲು ಒಂದು ಲಡಿ ಬಿಳಿ ನೂಲನ್ನು ಮೂರು ದಿನ ಅದರಲ್ಲಿ ತೂಗುಹಾಕುತ್ತಾರೆ. ಮಣ್ಣಿನಲ್ಲಿ ಸವುಳು ಇದ್ದರೆ, ತೇವ ಹೆಚ್ಚಿದ್ದರೆ ನೂಲೇ ಹೇಳುತ್ತದೆ.

"ಇಪ್ಪತ್ತು ವರ್ಷದ ಕುಣಿ, ಕಲ್ಲು ಕಟ್ಟಿದ್ದು. ಅದರಾಗೇನು ನೋಡೂದೈತಿ?" ಎಂದು ಇವರು ಕೊನೆಯ ಬುಟ್ಟಿಯನ್ನೂ ಸುರಿದು, ಕಾಲಿನಿಂದ ತುಳಿದು ಗಟ್ಟಿ ಮಾಡಿದರು. ಮರುದಿನ ತಿಪ್ಪವ್ವ ಆ ಜಾಗದಲ್ಲಿ ಜೋಳದ ಚೀಲಗಳನ್ನು ಒಟ್ಟಿದಳು. ಖರೀದಿಯಾಗುವ ತನಕ ನಮ್ಮವರು ಅಣ್ಣನ ಮೂರನೆಯ ಮಗ್ಗದಲ್ಲಿ ಕೂಲಿಗೆ ಕೂತರು. ಅಣ್ಣ ಮಜೂರಿ ಕೈಗೆ ಕೊಡುವಾಗ ಇವರು ಗೋಡೆ ನೋಡುತ್ತಿದ್ದರು.

ಆಮೇಲೆ ಗವಂಡಿ ಟಿಪ್ಪುಸಾಬರನ್ನು ಕರೆದುಕೊಂಡು ಹೋದೆವು. ಊರಿನಲ್ಲಿ ಅರ್ಧ ಗೋಡೆಗಳು ಅವರು ಕಟ್ಟಿದವೇ. ಒಳಗೆ ಬಂದವರು ಕರಣಿಯ ತುದಿಯಿಂದ ಅಲ್ಲಲ್ಲಿ ಗೋಡೆಗೆ ಚುಚ್ಚುತ್ತ ನಡೆದರು. ಅವರು ಚುಚ್ಚಿದಲ್ಲೆಲ್ಲ ಮಣ್ಣು ಉದುರಿತು. ಒಂದು ತೊಲೆಗೆ ಕೋಲಿನಿಂದ ಬಡಿದರು, ಒಳಗೆ ಟೊಳ್ಳು.

"ಅಂದಪ್ಪಣ್ಣಾ, ತಗಡು ಅಷ್ಟೂ ಬದ್ಲಿ ಮಾಡಬೇಕ್ರಿ. ತೊಲಿ ಆರು ಹೋಗ್ಯಾವ. ಅಡಗಿಮನಿ ಗ್ವಾಡಿ ಈ ಮಳಿಗಾಲ ಹಿಡಿಯಂಗಿಲ್ಲ. ಬಾಗಲಂತೂ ಇಲ್ಲೇ ಇಲ್ಲ. ಇಷ್ಟು ಅಗಲ ಬಾಗಲಾ ಯಾರು ಮಾಡ್ತಾರ್ರಿ ಈಗ? ಬಡಿಗ್ಯಾರು ಕೇಳಿದ್ರ ಓಡಿ ಹೋಗ್ತಾರ."

ಅವರು ರೂಪಾಯಿಗಳಲ್ಲಿ ಹೇಳಿದರು. ನನಗೆ ರೂಪಾಯಿ ತಿಳಿಯುವುದಿಲ್ಲ, ಸೀರೆ ತಿಳಿಯುತ್ತದೆ. ನಮ್ಮವರು ತಿಂಗಳಿಗೆ ಆರು ಸೀರೆ ನೇಯುವವರು. ತಗಡಿಗೆ ನಲವತ್ತೈದು ಸೀರೆಯ ಮಜೂರಿ, ತೊಲೆಗಳಿಗೆ ಇಪ್ಪತ್ತು, ಬಾಗಿಲುಗಳಿಗೆ ಮೂವತ್ತು, ಅಡುಗೆಮನೆಗೆ ಹದಿನೈದು. ಒಂದು ನೂರ ಹತ್ತು ಸೀರೆ. ಒಂದೂವರೆ ವರ್ಷ ಹಿಟ್ಟು, ಎಣ್ಣೆ, ಬಟ್ಟೆ ಏನೂ ಇಲ್ಲದೆ ಬರೀ ಈ ಮನೆಗಾಗಿ ನೇಯಬೇಕು. ಮನೆಯ ಬೆಲೆಗೆ ಅಣ್ಣನಿಂದ ಬರುವ ನಮ್ಮ ಪಾಲಿನ ಹಣವೆಲ್ಲ ಸರಿಹೋಗುತ್ತಿತ್ತು, ರಿಪೇರಿಗೆ ಒಂದು ಬಿಡಿಕಾಸೂ ಉಳಿಯುತ್ತಿರಲಿಲ್ಲ. ನಮ್ಮವರು ಟಿಕೀಟಿನ ಕಿಂಡಿಯ ಕೆಳಗೆ ತಲೆ ಹಿಡಿದು ಕೂತರು.

ನನಗೆ ಸಿಟ್ಟು ಬಂತು. ಗವಂಡಿಯ ಮೇಲಲ್ಲ, ಮನೆಯ ಮೇಲಲ್ಲ, ಕೂತವರ ಮೇಲೆ.

"ಏಳ್ರಿ," ಎಂದೆ. "ನಮಗ ಮೂರೂ ಶೆಡ್ಡು ಯಾಕ ಬೇಕು? ಎರಡು ಪಾರಿವಾಳಕ್ಕ ಬಿಡೋಣು. ಆ ಎರಡರ ಚಲೋ ತಗಡು ಬಿಚ್ಚಿ ಒಂದಕ್ಕ ಹಾಕ್ರಿ ಟಿಪ್ಪುಸಾಬ. ಬಾಗಲಾ ಬ್ಯಾಡ, ಗೋಣಿತಟ್ಟು ಹೊಲದು ಕಟ್ಟತೀನಿ. ಅಡಗಿ ಹೊರಗ ಮಾಡತೀನಿ."

ಟಿಪ್ಪುಸಾಬರು ನಕ್ಕರು. ಕಡ್ಡಿಯಿಂದ ನೆಲದ ಮೇಲೆ ಗೀಟು ಹಾಕಿ ಮತ್ತೆ ಲೆಕ್ಕ ಮಾಡಿದರು. ನೂರ ಹತ್ತು ಸೀರೆ ಮೂವತ್ತಕ್ಕೆ ಇಳಿಯಿತು. "ತಂಗಿ ನನಕಿಂತ ಚಲೋ ಗವಂಡಿ ಅದಾಳ ನೋಡ್ರಿ," ಎಂದರು. ನಮ್ಮವರಿಗೆ ಜೀವ ಬಂದು, "ಕುಣಿ ಒಂದು ರೆಡಿ ಐತಲ್ಲ, ಅದೇ ದೊಡ್ಡ ಉಳಿತಾಯ," ಎಂದರು. ಅದೂ ಖರೆ. ಬಂಡೆಗಲ್ಲಿನಲ್ಲಿ ಹೊಸ ಕುಣಿ ಒಡೆಸಬೇಕೆಂದರೆ ಮೂವತ್ತು ಸೀರೆಯ ಮಾತು ಮತ್ತೆ ಮೂರು ಪಟ್ಟಾಗುತ್ತಿತ್ತು.

ಟಿಪ್ಪುಸಾಬರು ಕುಣಿಯೊಳಗೆ ಇಳಿದು ಕರಣಿಯಿಂದ ತಳವನ್ನು ಕೆದರಿದರು. ಕರಣಿಯನ್ನು ಮೂಗಿನ ಹತ್ತಿರ ಹಿಡಿದರು. ಆಮೇಲೆ ಮೇಲೆ ಬಂದು ಅದನ್ನು ಗೋಣಿಚೀಲಕ್ಕೆ ಒರೆಸಿದರು, ಎರಡು ಸಲ. ಚೀಲ ಕಪ್ಪಾಯಿತು. ಏನೋ ಹೇಳಲು ಬಾಯಿ ತೆರೆದವರು ನಮ್ಮವರ ನಗುಮುಖ ನೋಡಿ, "ಮಣ್ಣು ತುಂಬ್ರಿ, ಅಳತಿಗೆ ಬರತೈತಿ," ಎಂದಷ್ಟೇ ಅಂದರು. ಅವರು ನುಂಗಿದ ಮಾತು ನನಗೆ ಕಂಡಿತು.

ರವಿವಾರ ಸಂತೆಗೆಂದು ಹೇಳಿ ಹೊರಟು ನಾನು ಶೆಡ್ಡಿಗೆ ಹೋದೆ. ಬಾಗಿಲಿಲ್ಲದ ಜಾಗ, ಯಾರನ್ನು ಕೇಳಬೇಕು? ಮೂರನೆಯ ಶೆಡ್ಡಿನ ಕುಣಿಯಲ್ಲಿ ಅಡ್ಡ ಕೋಲು ಇಟ್ಟು ಒಂದು ಲಡಿ ಬಿಳಿ ನೂಲು ತೂಗುಹಾಕಿ, ಪಾರಿವಾಳ ಕೆದರದಂತೆ ಮೇಲೆ ಬುಟ್ಟಿ ಮುಚ್ಚಿದೆ. ಬುಧವಾರ ಮತ್ತೆ ಹೋದೆ. ಮೊದಲನೆಯ ಕುಣಿಯ ಮೇಲೆ ಯಾರೋ ಹಳೇ ಗೋಣಿತಟ್ಟು ಹಾಸಿದ್ದರು. ರಾಯರ ಆಳು ಇರಬೇಕೆಂದು ಮುಂದೆ ಹೋದೆ. ಬುಟ್ಟಿ ತೆಗೆಯುತ್ತಿದ್ದಂತೆ ವಾಸನೆ ಬಂತು. ಇಪ್ಪತ್ತು ವರ್ಷ ಮೋಟಾರುಗಳು ಸೋರಿದ ಎಣ್ಣೆ ಕಲ್ಲಿನ ಸಂದು ಸಂದಿನಲ್ಲಿ ಕೂತಿತ್ತು. ಬಿಸಿಲೇರಿದಾಗ ಮೇಲಿನ ತಗಡು ಕಾಯುತ್ತದೆ, ಕೆಳಗಿನ ಎಣ್ಣೆ ಉಸಿರು ಬಿಡುತ್ತದೆ. ನನ್ನ ಬಿಳಿ ನೂಲು ಹಳದಿಯಾಗಿತ್ತು. ಕೈಗೆ ಜಿಡ್ಡು ಹತ್ತಿತು. ಮೂಗಿಗೆ ಹಿಡಿದರೆ ಅದು ನೂಲಲ್ಲ, ಮೋಟಾರು.

ಕುಣಿಯ ಅಂಚಿಗೆ ಕೂತುಬಿಟ್ಟೆ. ಅರ್ಧ ಮಣ್ಣು ತುಂಬಿದರೂ ಎಣ್ಣೆ ಗೋಡೆಯಿಂದ ಬರುತ್ತದೆ. ಕುಣಿಯ ಮೇಲೆಯೇ ಹರಡುವ ಹಾಸು, ಅದರ ಮೇಲೆ ಹುಟ್ಟುವ ಸೀರೆ, ಎಲ್ಲವೂ ಇದನ್ನು ಕುಡಿಯುತ್ತವೆ. ನೂಲು ಕೊಟ್ಟು ನೇಯಿಸಿಕೊಳ್ಳುವ ಯಾವ ಸಾಹುಕಾರ ಅಂಥ ಸೀರೆ ಮುಟ್ಟಿಯಾನು?

ಈ ಮಾತು ಮನೆಗೆ ಹೋಗಿ ಹೇಳಿದರೆ ಮುಗಿಯಿತು. ಬೋರಮಾಳ ಹೋಯಿತು. ಮುಚ್ಚಿದ ಕುಣಿ ತೆರೆಯುವಂತಿಲ್ಲ, ಅಲ್ಲಿ ಹೊಸದನ್ನು ತೋಡಲು ಜಾಗವಿಲ್ಲ; ಇವರು ಸಾಯುವತನಕ ಅಣ್ಣನ ಮಗ್ಗದಲ್ಲಿ ಕೂಲಿಯವರು. ನಾನು ಸಾಯುವತನಕ ಹಾಸಿನ ಕೆಳಗೆ. ಹೇಳದಿದ್ದರೆ, ಇವರನ್ನು ಕೈ ಹಿಡಿದು ಎಣ್ಣೆಯ ಕುಣಿಗೆ ಇಳಿಸಿದವಳು ನಾನಾಗುತ್ತೇನೆ. ಎರಡೂ ಕಡೆ ಗೋಡೆ. ಅವತ್ತು ನಾನು ಅತ್ತದ್ದು ಖರೆ. ಅತ್ತ ಮೇಲೆ ಮಾಡಿದ್ದೇನೆಂದರೆ, ಆ ಲಡಿಯನ್ನು ಸುತ್ತಿ ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಮನೆಗೆ ಬಂದು ನಾಲ್ಕು ಹಾಸುಗಳ ಕೆಳಗೆ ಬಗ್ಗಿ ಹಾಯ್ದು ಅಡುಗೆಮನೆ ಸೇರಿದೆ. ಬಾಯಿ ಬಿಡಲಿಲ್ಲ. ಯಾಕೆ ಬಿಡಲಿಲ್ಲ ಎಂದು ಕೇಳಿದರೆ ಒಂದೇ ಉತ್ತರ: ನನಗೆ ಆ ಮನೆ ಬೇಕಾಗಿತ್ತು.

ಆ ವಾರವೆಲ್ಲ ನಮ್ಮವರೂ ಮಾತು ಕಡಿಮೆ ಮಾಡಿದ್ದರು. ಖರ್ಚಿನ ಚಿಂತೆ ಇರಬೇಕು ಎಂದುಕೊಂಡೆ. ನನಗಂತೂ ಅವರ ಕಣ್ಣು ತಪ್ಪಿಸುವುದೇ ಒಂದು ಕೆಲಸವಾಗಿತ್ತು.

ಸೋಮವಾರ ರೋಣಕ್ಕೆ ಹೊರಟೆವು. ಬೋರಮಾಳ ನನ್ನದಾದ್ದರಿಂದ ಕಾಗದದಲ್ಲಿ ನನ್ನ ಹೆಸರೂ ಇರಲಿ ಎಂದು ನಮ್ಮವರೇ ಹಟ ಹಿಡಿದಿದ್ದರು. ವಾಸುದೇವರಾಯರು ಸರಕಾರದ ಬಸ್ಸು ಹತ್ತಲೊಲ್ಲದೆ ಹಿಂದಿನ ದಿನವೇ ಚಕ್ಕಡಿ ಹೂಡಿಸಿಕೊಂಡು ಹೋಗಿದ್ದರು. ನಾವು ಬಸ್ಸಿನಲ್ಲಿ ಕೂತೆವು. ಬಸ್ಸಿನ ನೆಲದಿಂದ ಅದೇ ವಾಸನೆ ಏಳುತ್ತಿತ್ತು, ನಾನು ಮೂಗಿಗೆ ಸೆರಗು ಒತ್ತಿದೆ. ನಮ್ಮವರೂ ಮೂಗಿಗೆ ಟವೆಲ್ ಹಿಡಿದಿದ್ದರು.

ಸೂಡಿಯಲ್ಲಿ ಬಸ್ಸು ನಿಂತಾಗ ಅವರು ಎಲೆ ಹಾಕಿಕೊಳ್ಳಲು ಚಂಚಿ ಬಿಚ್ಚಿದರು. ಸುಣ್ಣದ ಡಬ್ಬಿ ತೆಗೆಯುವಾಗ ಅದರ ಹಿಂದೆ ಏನೋ ಎಳೆದುಕೊಂಡು ಬಂದು ನನ್ನ ಮಡಿಲಿಗೆ ಬಿತ್ತು. ನೂಲಿನ ಒಂದು ಸಣ್ಣ ಸುರುಳಿ, ಹಳದಿಯದು. ಮೂಸಿ ನೋಡುವ ಅಗತ್ಯವಿರಲಿಲ್ಲ.

ಅವರು ನನ್ನ ಮುಖ ನೋಡಿದರು. ಕೈಯಲ್ಲಿದ್ದ ಎಲೆಗೆ ಸುಣ್ಣ ಹಚ್ಚುವುದನ್ನು ಮರೆತರು. ಮೊದಲನೆಯ ಕುಣಿಯ ಮೇಲಿನ ಗೋಣಿತಟ್ಟು ನನ್ನ ಕಣ್ಣಿಗೆ ಬಂತು. ನಾನು ಸೆರಗಿನ ಗಂಟು ಬಿಚ್ಚಿ, ನನ್ನ ಲಡಿಯನ್ನು ಅವರ ಅಂಗೈಯಲ್ಲಿ ಅವರ ನೂಲಿನ ಪಕ್ಕಕ್ಕೆ ಇಟ್ಟೆ.

ಬಸ್ಸು ಸೂಡಿ ಬಿಟ್ಟ ಮೇಲೆ ಅವರು ಎರಡನ್ನೂ ಸೇರಿಸಿ ಚಂಚಿಯೊಳಗೆ ಇಟ್ಟರು.

"ಯಾವಾಗ ಇಟ್ಟಿದ್ದಿ?" ಎಂದರು.

"ರವಿವಾರ. ನೀವು?"

"ಸೋಮವಾರ. ಅಣ್ಣ ಕೇಳಿದ್ದು ತಲ್ಯಾಗ ಕೊರೀತಿತ್ತು."

"ಮತ್ತ ನನಗ ಯಾಕ ಹೇಳಲಿಲ್ಲರಿ?"

ಅವರು ಕಿಟಕಿಯ ಹೊರಗೆ ನೋಡಿದರು. "ಆ ಶೆಡ್ಡಿನ್ಯಾಗ ನೀ ಮೊದಲನೇ ದಿನ ಹ್ಯಾಂಗ ನಡದಿ, ನಾ ನೋಡೇನಿ. ಹೇಳಿದ್ರ ನೀ ಮತ್ತ ಆ ಮನ್ಯಾಗ ಬಗ್ಗಬೇಕಾಗತಿತ್ತು." ಆಮೇಲೆ ಕೇಳಿದರು, "ನೀ ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಅಣ್ಣನ ಮಗ್ಗದಾಗ ಕುಂದರಬೇಕಾಗತಿತ್ತು," ಎಂದೆ. ಅದು ಅರ್ಧ ಖರೆ. ಉಳಿದ ಅರ್ಧವನ್ನು ಅವರು ಆಗಲೇ ಹೇಳಿಬಿಟ್ಟಿದ್ದರು, ನನಗೆ ನಾಚಿಕೆಯಾಯಿತು. ಹನ್ನೊಂದು ವರ್ಷದಿಂದ ಆ ಮನುಷ್ಯ ಕುಣಿಯಲ್ಲಿ ತಲೆ ತಗ್ಗಿಸಿ ನೇಯುತ್ತಾನೆ, ನನ್ನ ಕಡೆ ನೋಡುವುದೇ ಇಲ್ಲ ಎಂದು ತಿಳಿದಿದ್ದೆ.

ಬಸ್ಸಿನಿಂದ ಇಳಿದಾಗಲೂ ತಿರುಗಿ ಹೋಗಬಹುದಿತ್ತು. ಅದೇ ಬಸ್ಸು ಒಂದು ತಾಸಿಗೆ ಗಜೇಂದ್ರಗಡಕ್ಕೆ ಮರಳುತ್ತಿತ್ತು. ಇಬ್ಬರೂ ಅದರ ಪಕ್ಕದಲ್ಲಿ ನಿಂತೆವು. ಆದರೆ ಮರಳಿ ಎಲ್ಲಿಗೆ? ಜೋಳದ ಚೀಲದ ಕೆಳಗಿನ ಕುಣಿಗೋ? ಕಚೇರಿಯ ಮುಂದಿನ ಬೇವಿನ ಗಿಡದ ಕೆಳಗಿಂದ ರಾಯರು ಕೈ ಬೀಸಿ, "ಬರ್ರಿ, ಬರ್ರಿ, ಸಾಹೇಬ್ರು ಬಂದಾರ," ಎಂದು ಕರೆದರು. ಅವರನ್ನು ದೂರುವಂತಿರಲಿಲ್ಲ. ನೋಡಿ ತಗೋರಿ ಎಂದಿದ್ದರು, ನಾವು ನೋಡಿಯೇ ತೆಗೆದುಕೊಳ್ಳುತ್ತಿದ್ದೆವು.

ಒಳಗೆ ಗುಮಾಸ್ತ ಕಾಗದ ಓದಿ, "ಒಪ್ಪಿಗಿ ಅದ ಏನ್ರಿ ಇಬ್ಬರದೂ?" ಎಂದು ಕೇಳಿದ. ನಮ್ಮವರು ನನ್ನ ಕಡೆ ತಿರುಗಿದರು. ಬೇಡ ಎಂದರೂ ಅವರು ಹೂಂ ಅನ್ನುತ್ತಿದ್ದರು, ಅದು ಗೊತ್ತಿತ್ತು. ನಾನು "ಐತ್ರಿ" ಎಂದೆ. ಹೆಬ್ಬೆಟ್ಟು ಒತ್ತಿದೆ.

ಈಗ ಈ ಮನೆಗೆ ಬಂದು ಎಂಟು ತಿಂಗಳಾಯಿತು. ಕುಣಿಯ ಕಲ್ಲುಗಳನ್ನು ಸೀಗೆಪುಡಿ ಹಾಕಿ ತಿಕ್ಕಿದೆ, ಸುಣ್ಣ ಬಳಿದೆ, ಕೆಮ್ಮಣ್ಣು ತುಂಬಿದೆವು. ವಾಸನೆ ಸ್ವಲ್ಪ ಇಳಿಯುತ್ತದೆ, ಬಿಸಿಲೇರಿದರೆ ಮತ್ತೆ ಬರುತ್ತದೆ. ಸಾಹುಕಾರ ಮೊದಲನೆಯ ಸೀರೆ ಮೂಸಿ ನೋಡಿ, ಬಿಳಿ ನೂಲು ಕೊಡುವುದಿಲ್ಲ, ಬಣ್ಣದ್ದೂ ಕೊಡುವುದಿಲ್ಲ ಎಂದ. ಕರಿ ಒಡಲಿನ ಸೀರೆ ಮಾತ್ರ ಕೊಡುತ್ತಾನೆ, ಅದರ ಮಜೂರಿ ಕಡಿಮೆ. ಕಲೆ ಕಾಣುವುದಿಲ್ಲವಲ್ಲ ಎನ್ನುತ್ತಾನೆ. ಕರಿ ನೂಲಿನಲ್ಲಿ ಕಣ್ಣು ನೆಟ್ಟು ನಮ್ಮವರ ದೃಷ್ಟಿ ಮಂದವಾಗುತ್ತಿದೆ. ಟಿಪ್ಪುಸಾಬರು ಲೆಕ್ಕ ಹಾಕಿದ ಮೂವತ್ತು ಸೀರೆ ಈ ಮಜೂರಿಯಲ್ಲಿ ಅರವತ್ತಾಗಿದೆ, ತಗಡು ಇನ್ನೂ ಬದಲಾಗಿಲ್ಲ. ಮುದಿಯಪ್ಪ ಭಾವನವರು ಒಮ್ಮೆ ಬಂದರು. ಗೋಣಿತಟ್ಟು ಸರಿಸಿ ಒಳಗೆ ಬಂದು, ಮೂಗು ಅರಳಿಸಿ, ಏನೂ ಅನ್ನದೆ ಚಹಾ ಕುಡಿದು ಹೋದರು. ಅಂದಿದ್ದರೆ ಚಲೋ ಇತ್ತು.

ಮೊನ್ನೆ ನಾನು ಲಾಳಿಗೆ ಹಾಕುವ ನೂಲಿನ ಕಂಡಿಕೆಯ ಬುಟ್ಟಿ ಹಿಡಿದು ಶೆಡ್ಡಿನ ಈ ತುದಿಯಿಂದ ಆ ತುದಿಗೆ ಹೋಗುತ್ತಿದ್ದೆ. ಒಂದೇ ಮಗ್ಗ, ಅದೂ ಒಂದು ಬದಿಗೆ. ಹಾಸನ್ನು ಮೊಣಕಾಲಿನ ಮಟ್ಟಕ್ಕೆ ಉದ್ದಕ್ಕೆ ಬಿಟ್ಟಿದ್ದೇವೆ, ಏರಿಸಿ ಕಟ್ಟುವ ಗರಜಿಲ್ಲ. ಮಗಳು ಸಣ್ಣವ್ವ ಬಾಗಿಲಲ್ಲಿ ಕೂತು ನಗತೊಡಗಿದಳು.

"ಯವ್ವಾ, ಅಲ್ಲೆ ಏನೂ ಇಲ್ಲಲ್ಲ! ಯಾಕ ಬಗ್ಗತಿ?"

ನಿಂತೆ. ಖರೆ, ನನ್ನ ಬೆನ್ನು ಬಾಗಿತ್ತು, ಒಂದು ಕೈ ಸೆರಗನ್ನು ಎದೆಗೆ ಒತ್ತಿ ಹಿಡಿದಿತ್ತು, ಎಳೆಗೆ ತಗುಲದಿರಲೆಂದು. ಮೇಲೆ ನೋಡಿದೆ. ತಗಡು ಮೂರಾಳು ಎತ್ತರದಲ್ಲಿತ್ತು, ತೂತುಗಳಿಂದ ಬಿಸಿಲು ಬೀಳುತ್ತಿತ್ತು. ನೆಟ್ಟಗಾಗಿ ಎರಡು ಹೆಜ್ಜೆ ಇಟ್ಟೆ. ಮೂರನೆಯದಕ್ಕೆ ಬೆನ್ನು ತಾನೇ ಬಾಗಿತು.

ಮಗ್ಗದ ಸಪ್ಪಳ ನಿಂತಿತು. ಕುಣಿಯೊಳಗಿಂದ ನಮ್ಮವರು ನನ್ನನ್ನು ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ತಲೆ ತಗ್ಗಿಸಿ ಮತ್ತೆ ಲಾಳಿ ಒಗೆದರು.